ಅಜ್ಜನ ಫೋಟೊ ಮತ್ತು ಒಂದು ಭಾಗಾಕಾರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ... ನಮ್ಮ ಕಡೆಯ ಯಾವ ಊರಿನ ಸರ್ಕಲ್‌ಗೆ ಹೋದರೂ ಬ್ಯಾನರ್‌ಗಳೇ ಎದುರಾಗುತ್ತವೆ. ಹುಟ್ಟುಹಬ್ಬದ ಶುಭಾಶಯ, ಚಿಂಚಲಿ ಮಾಯಕ್ಕನ ಜಾತ್ರೆಗೆ ಸ್ವಾಗತ, ಭಾವಪೂರ್ಣ ಶ್ರದ್ಧಾಂಜಲಿ. ಅವುಗಳಲ್ಲಿ ಎಷ್ಟೋ ಮುಖಗಳು ಮಸುಕು ಮಸುಕು. ಗೆಳೆಯರ ಜೊತೆ ನಿಂತು ನಾನೂ ನಕ್ಕಿದ್ದೇನೆ. ಕಳೆದ ವರ್ಷ ಅಜ್ಜ ತೀರಿಕೊಂಡಾಗ ಆ ನಗು ನಿಂತಿತು.

ಅಜ್ಜನದು ಒಂದೇ ಒಂದು ಒಳ್ಳೆಯ ಫೋಟೊ ಇತ್ತು. ಅಕ್ಕನ ಮದುವೆಯಲ್ಲಿ ಅಜ್ಜಿಯ ಪಕ್ಕ ಕುಳಿತದ್ದು. ಅದನ್ನು ತೆಗೆದ ಮಾವನ ಮೊಬೈಲ್ ಕೆಟ್ಟುಹೋಗಿತ್ತು. ಮನೆಯವರ ವಾಟ್ಸಾಪ್ ಗ್ರೂಪ್‌ನಲ್ಲಿದ್ದ ಪ್ರತಿಯನ್ನೇ ಅಂಗಡಿಗೆ ಕಳಿಸಿದೆ. ಮೊಬೈಲ್‌ನಲ್ಲಿ ಕಣ್ಣಂಚಿನ ಸುಕ್ಕೂ ಕಾಣುತ್ತಿದ್ದ ಮುಖ, 12×18 ಇಂಚಿನ ಫ್ರೇಮಿನಲ್ಲಿ ಕಲಸಿಹೋಯಿತು. ಎಐ ಆ್ಯಪ್‌ನಲ್ಲಿ ಸ್ಪಷ್ಟಗೊಳಿಸಿ ಮತ್ತೆ ಪ್ರಿಂಟ್ ಹಾಕಿಸಿದೆ. ನುಣುಪು ಕೆನ್ನೆ, ಹೊಳೆಯುವ ಕಣ್ಣು. ಅಜ್ಜಿ ಬಹಳ ಹೊತ್ತು ನೋಡಿ, ‘ಚಲೋ ಐತಿ. ಆದ್ರ ಇದು ನಿಮ್ಮ ಅಜ್ಜಾರ ಮಾರಿ ಅಲ್ಲೋ ತಮ್ಮಾ’ ಎಂದರು.

ಮನೆಯಲ್ಲಿ ಎಲ್ಲರೂ ಅಂಗಡಿಯವರನ್ನು ಬೈದರು. ನನ್ನ ಪ್ರಕಾರ ತಪ್ಪು ಅವರದಲ್ಲ. ಬಿಇ ಓದುತ್ತಲೂ ಒಂದು ಭಾಗಾಕಾರ ಮಾಡದ ನನ್ನದು.

ಸಾಮಾನ್ಯ 12 ಮೆಗಾಪಿಕ್ಸೆಲ್ ಫೋಟೊದಲ್ಲಿ 4000×3000 ಪಿಕ್ಸೆಲ್ ಇರುತ್ತವೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಸುಮಾರು 1600×1200ಕ್ಕೆ ಇಳಿಯುತ್ತದೆ. ಅದರಲ್ಲಿ ಅಜ್ಜ ಇದ್ದದ್ದು ಅರ್ಧ ಭಾಗ, ಅಂದರೆ 800×1200. ಹನ್ನೆರಡು ಇಂಚು ಅಗಲಕ್ಕೆ ಭಾಗಿಸಿದರೆ ಇಂಚಿಗೆ 66 ಪಿಕ್ಸೆಲ್. ಮೂಲ ಫೋಟೊ ಇದ್ದಿದ್ದರೆ 166 ಸಿಗುತ್ತಿತ್ತು.

ಎಷ್ಟಿದ್ದರೆ ಸಾಕು? ಅದನ್ನು ನೋಡುವ ದೂರ ಹೇಳುತ್ತದೆ. ಒಂದು ಅಡಿ ದೂರದಿಂದ ಒಳ್ಳೆಯ ಕಣ್ಣು ಇಂಚಿಗೆ ಸುಮಾರು 300 ಚುಕ್ಕೆಗಳವರೆಗೆ ಬಿಡಿಬಿಡಿಯಾಗಿ ಗುರುತಿಸುತ್ತದೆ. ದೂರ ಹೆಚ್ಚಿದಷ್ಟೂ ಬೇಕಾಗುವ ಪಿಕ್ಸೆಲ್ ಕಡಿಮೆ. 300ನ್ನು ಅಡಿಗಳಿಂದ ಭಾಗಿಸಿದರಾಯಿತು. ಕೈಯಲ್ಲಿ ಹಿಡಿದು ನೋಡುವ ಆಲ್ಬಂಗೆ 300, ಮೂರಡಿ ದೂರದಿಂದ ನೋಡುವ ಗೋಡೆ ಫೋಟೊಗೆ 100, ಹತ್ತಡಿ ದೂರದ ಬ್ಯಾನರ್‌ಗೆ 30. ಹಾಗಾಗಿ ಎಲ್ಲದಕ್ಕೂ 300 ಬೇಕೇಬೇಕು ಎನ್ನುವುದೂ ತಪ್ಪು, ಮೊಬೈಲ್‌ನಲ್ಲಿ ಚೆನ್ನಾಗಿ ಕಂಡರೆ ಸಾಕು ಎನ್ನುವುದೂ ತಪ್ಪು. ಅಂಗೈಯಗಲದ ಪರದೆಯಲ್ಲಿ ಯಾವ ಫೋಟೊ ತಾನೇ ಕೆಟ್ಟದಾಗಿ ಕಂಡೀತು?

‘ನನ್ನದು 50 ಮೆಗಾಪಿಕ್ಸೆಲ್ ಮೊಬೈಲ್’ ಎಂದು ಬೀಗಬೇಕಿಲ್ಲ. ಅಂಥ ಹಲವು ಮೊಬೈಲ್‌ಗಳು ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿಸಿ ಸುಮಾರು 12 ಮೆಗಾಪಿಕ್ಸೆಲ್ ಫೋಟೊವನ್ನೇ ಕೊಡುತ್ತವೆ. ಕೈ ಅಲುಗಿದ್ದರೆ, ಲೆನ್ಸ್ ಮೇಲೆ ಎಣ್ಣೆ ಬೆರಳಿನ ಗುರುತಿದ್ದರೆ ಎಷ್ಟು ಪಿಕ್ಸೆಲ್ ಇದ್ದರೂ ವ್ಯರ್ಥ. ಇನ್ನು ಎಐ ಕಳೆದುಹೋದ ಸುಕ್ಕನ್ನು ಹುಡುಕಿ ತರುವುದಿಲ್ಲ, ಅಲ್ಲಿ ಏನಿದ್ದೀತೆಂದು ಊಹಿಸಿ ಬರೆಯುತ್ತದೆ. ಆ ಊಹೆಯನ್ನು ಅಜ್ಜಿ ಒಂದೇ ನೋಟಕ್ಕೆ ಹಿಡಿದರು.

ಊರಲ್ಲಿ ಬ್ಯಾನರ್ ಮಾಡಿಸುವ ಓಡಾಟ ಹೆಚ್ಚಾಗಿ ನಮ್ಮಂಥ ಹುಡುಗರ ಪಾಲಿಗೇ ಬರುತ್ತದೆ. ಗ್ಯಾಲರಿಯ ‘ಡೀಟೇಲ್ಸ್’ನಲ್ಲಿ ಪಿಕ್ಸೆಲ್ ಲೆಕ್ಕ ನೋಡಲು ಅರ್ಧ ನಿಮಿಷ ಸಾಕು. ಅಂಗಡಿಗೆ ಕಳಿಸುವಾಗ ಫೋಟೊ ಎಂದಲ್ಲ, ‘ಡಾಕ್ಯುಮೆಂಟ್’ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ. ನೌಕರಿ ಅರ್ಜಿಗೆಂದು 50 ಕೆಬಿಗೆ ಇಳಿಸಿದ ಫೋಟೊ ಇಟ್ಟುಕೊಂಡು ಮೂಲವನ್ನು ಅಳಿಸಬೇಡಿ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರ ಒಂದು ಒಳ್ಳೆಯ ಫೋಟೊ ತೆಗೆದು ಮೂಲವನ್ನು ಎರಡು ಕಡೆ ಇಡಿ. ಬೇಕಾದ ದಿನ ಅದನ್ನು ತೆಗೆಯಲು ಆಗುವುದಿಲ್ಲ.

ಕೊನೆಗೆ ನಾನು ಅದೇ ವಾಟ್ಸಾಪ್ ಪ್ರತಿಯನ್ನು 4×6 ಇಂಚಿಗೆ ಹಾಕಿಸಿದೆ. ಇಂಚಿಗೆ 200 ಪಿಕ್ಸೆಲ್, ಒಂದೂವರೆ ಅಡಿಯಿಂದ ನೋಡಲು ಸಾಕು. ದೇವರ ಜಗಲಿಯ ಪಕ್ಕದಲ್ಲಿ ಈಗ ಸುಕ್ಕುಗಳ ಸಮೇತ ಅಜ್ಜ ಇದ್ದಾರೆ. ಚಿಕ್ಕದಾಗಿದ್ದಾರೆ, ಆದರೆ ಅವರೇ ಇದ್ದಾರೆ.