‘ಏನಿಲ್ಲ ಬಿಡಿ’ ಎಂದರೆ ಸಾಲದು



ಎದೆ ಡವಡವ, ಉಸಿರು ಕಟ್ಟಿದಂತಾಗುವುದು, ಕೈಕಾಲು ನಡುಕ, ಬೆವರು, ತಲೆಸುತ್ತು, ಹೊಟ್ಟೆ ತೊಳಸುವುದು – ಇವುಗಳಿಂದ ಹೆದರಿ ನಡುರಾತ್ರಿ ಆಸ್ಪತ್ರೆಗೆ ಓಡುವವರು ಕಡಿಮೆಯಿಲ್ಲ. ಇಸಿಜಿ ಸರಿಯಿದ್ದರೆ ‘ಏನಿಲ್ಲ ಬಿಡಿ, ಟೆನ್ಷನ್ ಮಾಡ್ಕೋಬೇಡಿ’ ಎಂದು ಗ್ಯಾಸ್ ಮಾತ್ರೆ ಕೊಟ್ಟು ಕಳುಹಿಸುವುದೇ ಹೆಚ್ಚು. ಹೃದಯ, ಥೈರಾಯ್ಡ್ ತಪಾಸಣೆ ಮೊದಲು ಆಗಲೇಬೇಕು, ನಿಜ. ಆದರೆ ವಿಚಾರ ಅಲ್ಲಿಗೇ ಮುಗಿಯಬಾರದು; ಈ ಲಕ್ಷಣಗಳ ಹಿಂದೆ ಆತಂಕವೂ ಇರಬಹುದು.

ಆತಂಕದಲ್ಲಿ ಅಡ್ರಿನಲಿನ್ ಏರಿ ಹೃದಯ, ಶ್ವಾಸಕೋಶ, ಸ್ನಾಯು, ಕರುಳು ಎಲ್ಲವೂ ಅಪಾಯ ಎದುರಿಸಲು ಸಜ್ಜಾಗುತ್ತವೆ. ಹೀಗಾಗಿ ಈ ನೋವು ನಟನೆಯೂ ಅಲ್ಲ, ಗಾಳಿಸೋಕೂ ಅಲ್ಲ. ತಾಯತ ಇದಕ್ಕೆ ಮದ್ದಲ್ಲ.

ಮದ್ದು ಬೇರೆ ಇದೆ. ಭಯ ಹುಟ್ಟಿಸುವ ಯೋಚನೆಗಳನ್ನು ಪರೀಕ್ಷಿಸಿ, ಹೆದರಿಸುವ ಸನ್ನಿವೇಶಗಳನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಪರಿಣಾಮಕಾರಿ. ಎಸ್ಎಸ್ಆರ್‌ಐ ಗುಂಪಿನ ಆತಂಕ ತಗ್ಗಿಸುವ ಮಾತ್ರೆಗಳ ಗುಣ ಕಾಣಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ ಬಿಟ್ಟರೆ ಪ್ರಯೋಜನವಿಲ್ಲ. ಆಲ್‌ಪ್ರಜೋಲಾಂನಂತಹ ಮಾತ್ರೆಗಳು ಬೇಗ ಶಮನ ನೀಡಿದರೂ ಚಟವಾಗಬಲ್ಲವು. ಅವನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳುವುದು, ದೀರ್ಘಕಾಲ ಸೇವಿಸಿ ಒಮ್ಮೆಲೇ ನಿಲ್ಲಿಸುವುದು ಎರಡೂ ಅಪಾಯ.

2022ರಲ್ಲಿ ಆರಂಭವಾದ ಮಾನಸಿಕ ಆರೋಗ್ಯದ ಟೆಲಿ–ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಆರೋಗ್ಯ ಇಲಾಖೆ ಪ್ರತಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಔಷಧ ಅಂಗಡಿಗಳಲ್ಲಿ ಎದ್ದು ಕಾಣುವಂತೆ ಹಾಕಿಸಲಿ. ಇಸಿಜಿ ಸಹಜ ಬಂದವರಿಗೆ ಮನೋವೈದ್ಯರ ವಿಭಾಗದ ದಾರಿಯನ್ನೂ ವೈದ್ಯರು ತೋರಿಸಲಿ.

– ಓದುಗರೊಬ್ಬರು, ಶಿವಮೊಗ್ಗ