ಪಾತ್ರೆಯೂ ಅಲ್ಲ, ಪೂರ್ವಜನ್ಮವೂ ಅಲ್ಲ

ಕ್ರಿ.ಶ. 1244ರ ಮಾರ್ಚ್ 16ರಂದು ದಕ್ಷಿಣ ಫ್ರಾನ್ಸಿನ ಮೊಂಸೆಗೂರ್ ಬೆಟ್ಟದ ಬುಡದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಜೀವಂತ ಸುಡಲಾಯಿತು. ಅವರು ಕ್ಯಾಥರ್ ಪಂಥದವರು. ಆತ್ಮವು ದೇಹದಿಂದ ದೇಹಕ್ಕೆ ಅಲೆಯುತ್ತದೆ ಎಂದು ನಂಬಿದ್ದವರು. ಆ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಆದರೆ ನಂಬಿಕೆಗಾಗಿ ಮನುಷ್ಯರನ್ನು ಸುಟ್ಟದ್ದು ಘೋರ ಅನ್ಯಾಯವೆಂದು ಹೇಳಲು ನಮಗೆ ಸಂಕೋಚವಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಆ ಬೂದಿಯ ಮೇಲೆ ಎರಡು ಕಥೆಗಳು ಬೆಳೆದವು. 1933ರಲ್ಲಿ ಜರ್ಮನಿಯ ಒಟ್ಟೊ ರಾನ್ ಎಂಬ ಲೇಖಕ, ಕ್ರೈಸ್ತ ದಂತಕಥೆಯ 'ಪವಿತ್ರ ಗ್ರೇಲ್' ಈ ಕ್ಯಾಥರರ ಬಳಿಯೇ ಇತ್ತೆಂದು ಪ್ರತಿಪಾದಿಸಿದ. ಮುಂದೆ ಆತ ನಾಝಿಗಳ ಎಸ್‌ಎಸ್ ಪಡೆಯನ್ನು ಸೇರಿದ. 1970ರಲ್ಲಿ ಇಂಗ್ಲೆಂಡಿನ ಮನೋವೈದ್ಯ ಆರ್ಥರ್ ಗರ್ಡಮ್, ತನ್ನ ರೋಗಿಯೊಬ್ಬಳಿಗೆ ಹದಿಮೂರನೆಯ ಶತಮಾನದ ಕ್ಯಾಥರ್ ಜನ್ಮದ ನೆನಪುಗಳಿವೆಯೆಂದು ಪುಸ್ತಕ ಬರೆದ. ಅಂದಿನಿಂದ ಗ್ರೇಲ್ ಎಂದರೆ ಪೂರ್ವಜನ್ಮಗಳ ಗುಪ್ತಜ್ಞಾನದ ಸಂಕೇತವೆನ್ನುವವರಿಗೆ ಕೊರತೆಯಿಲ್ಲ.

ಆದರೆ ಈ ಗ್ರೇಲ್ ಎಂದರೇನು? ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಫ್ರೆಂಚ್ ಕವಿ ಕ್ರೆತಿಯಾಂಗೆ ಅದೊಂದು ಅಗಲವಾದ ತಟ್ಟೆ. ರೊಬೇರ್ ದ ಬೊರೊನ್ ಅದನ್ನು ಈಸಾ(ಅ)ರ ಕೊನೆಯ ಭೋಜನದ ಪಾತ್ರೆಯನ್ನಾಗಿಸಿದ. ಜರ್ಮನ್ ಕವಿ ವೊಲ್ಫ್ರಾಮ್‌ಗೆ ಅದೊಂದು ಕಲ್ಲು. ಕೆಲವೇ ದಶಕಗಳಲ್ಲಿ ಮೂರು ರೂಪ ತಳೆದ ಈ ವಸ್ತು ಕವಿಕಲ್ಪನೆಯ ಮಗು. ಮೊಂಸೆಗೂರಿನಿಂದ ಗುಟ್ಟಾಗಿ ಸಾಗಿಸಿದ್ದು ಚಿನ್ನ, ಬೆಳ್ಳಿ ಮತ್ತು ನಾಣ್ಯಗಳೆಂದು ಅಂದಿನ ವಿಚಾರಣೆಯ ಸಾಕ್ಷ್ಯಗಳು ತಿಳಿಸುತ್ತವೆ.

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಅನುಮಾನಕ್ಕೆ ಎಡೆಗೊಡುವುದಿಲ್ಲ. ಮರಣ ಎದುರಾದಾಗ, ಸತ್ಕರ್ಮವೆಸಗಲು ತನ್ನನ್ನು ಮರಳಿ ಕಳುಹಿಸೆಂದು ಮನುಷ್ಯನು ಬೇಡುವನು. ಆದರೆ ಪುನರುತ್ಥಾನದ ದಿನದವರೆಗೂ ಅವರ ಹಿಂದೆ ಒಂದು ತಡೆ, 'ಬರ್ಝಖ್' ಇದೆಯೆಂದು ಅಲ್‌ಮುಅ್‌ಮಿನೂನ್ ಅಧ್ಯಾಯ ತಿಳಿಸುತ್ತದೆ. ಒಬ್ಬನ ಹೊರೆಯನ್ನು ಮತ್ತೊಬ್ಬನು ಹೊರಲಾರ. ಹಾಗಿರುವಾಗ ನೆನಪಿಲ್ಲದ ಜನ್ಮದ ಲೆಕ್ಕವನ್ನು ಇಂದಿನ ಬಡವನ, ರೋಗಿಯ ತಲೆಗೆ ಕಟ್ಟುವುದು ನ್ಯಾಯವೇ? ಸುಟ್ಟವರು ಉತ್ತರ ಹೇಳಬೇಕಾದುದು ಮತ್ತೊಂದು ಜನ್ಮದಲ್ಲಲ್ಲ, ಪರಲೋಕದಲ್ಲಿ, ಅಲ್ಲಾಹನ ಮುಂದೆ.

ಇಷ್ಟು ಹೇಳಿ ಇತರರತ್ತ ಮಾತ್ರ ಬೆರಳು ತೋರಿದರೆ ಅದು ಅರ್ಧಸತ್ಯವಾದೀತು. ನಮ್ಮಲ್ಲೂ ತಾಯಿತ ಕಟ್ಟಿಕೊಂಡು ನಮಾಝ್ ಮರೆತವರಿಲ್ಲವೇ? ಗೋರಿಯ ಚಾದರಕ್ಕೆ ಹರಕೆ ಹೊತ್ತು, ನೆರೆಯವನ ಹಸಿವನ್ನು ಕಾಣದವರಿಲ್ಲವೇ? ಹಜರುಲ್ ಅಸ್ವದನ್ನು ಚುಂಬಿಸುವಾಗ ಹ. ಉಮರ್(ರ)ರು, ಅದು ಲಾಭವನ್ನಾಗಲಿ ಹಾನಿಯನ್ನಾಗಲಿ ಮಾಡಲಾರದ ಕಲ್ಲೆಂದು ತಮಗೆ ತಿಳಿದಿದೆ, ಪ್ರವಾದಿ(ಸ)ಯವರು ಚುಂಬಿಸಿದ್ದನ್ನು ಕಂಡುದರಿಂದ ಮಾತ್ರ ಚುಂಬಿಸುತ್ತಿರುವೆ ಎಂದು ಎಲ್ಲರೆದುರು ಸಾರಿದರು. ಕಲ್ಲನ್ನು ಗೌರವಿಸುವುದಕ್ಕೂ ಕಲ್ಲಿಗೆ ಶರಣಾಗುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ನಮಗೆ ದೊರೆತಿರುವುದು ಒಂದೇ ಬದುಕು. ತಿದ್ದಿಕೊಳ್ಳಲು ಇರುವ ಕಾಲ ಇದೇ. ಕಳೆದುಹೋದ ಪಾತ್ರೆಯನ್ನು ಅರಸುವುದಕ್ಕಿಂತ ಹಸಿದವನ ತಟ್ಟೆಯನ್ನು ತುಂಬಿಸುವುದು ನಮ್ಮ ಮೇಲಿರುವ ಹೊಣೆ.