ಅರವತ್ತು ದಿನದ ನಿಷೇಧ: ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕೃಷಿ ಸಚಿವರಿಗೆ,

1968ರ ಕೀಟನಾಶಕ ಕಾಯ್ದೆಯ 27ನೇ ಕಲಮನ್ನು ತಾವು ಇನ್ನೊಮ್ಮೆ ಓದಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಕಲಮು ಚಿಕ್ಕದು. ಒಂದು ಕೀಟನಾಶಕದಿಂದ ಜನರಿಗೋ ಜಾನುವಾರಿಗೋ ಅಪಾಯವಿದೆ ಎಂದು ರಾಜ್ಯ ಸರ್ಕಾರಕ್ಕೆ ಕಂಡರೆ ಅದರ ಮಾರಾಟ, ಹಂಚಿಕೆ, ಬಳಕೆಯನ್ನು ತಡೆಯಬಹುದು. ಎಷ್ಟು ಕಾಲ? 60 ದಿನ. ಅಷ್ಟರಲ್ಲಿ ತನಿಖೆ ಮುಗಿಯದಿದ್ದರೆ ಹೆಚ್ಚೆಂದರೆ ಇನ್ನೂ 30 ದಿನ. 91ನೇ ದಿನ ಅದೇ ಡಬ್ಬಿ ಅದೇ ಅಂಗಡಿಯ ಕಪಾಟಿಗೆ ಕಾನೂನಿನ ರಕ್ಷಣೆಯಲ್ಲೇ ವಾಪಸು ಬರಬಹುದು. ನೋಂದಣಿ ಕೊಡುವುದು, ಕಾಯಂ ಆಗಿ ರದ್ದು ಮಾಡುವುದು ಎರಡೂ ದಿಲ್ಲಿಯ ಕೆಲಸ.

ನಾನು ದಕ್ಷಿಣ ಕನ್ನಡದ ಅಡಿಕೆ ಕೃಷಿಕ. ಔಷಧಿಯೇ ಬೇಡ ಎನ್ನುವವನಲ್ಲ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯದೆ ಕೊಳೆರೋಗದಿಂದ ತೋಟ ಉಳಿಸಿಕೊಂಡವರು ನಮ್ಮಲ್ಲಿ ಕಡಿಮೆ. ಆದರೆ ಜಿಲ್ಲೆಯಲ್ಲಿ ಏನಾಯಿತು ಎಂಬುದನ್ನು ಬಲ್ಲ ಯಾರಿಗೂ ಈ 60 ದಿನದ ಲೆಕ್ಕ ಸಮಾಧಾನ ಕೊಡಲಾರದು.

ನಮ್ಮ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಯಾವುದೋ ಖಾಸಗಿ ಕಂಪನಿಯಲ್ಲ, ರಾಜ್ಯ ಸರ್ಕಾರದ್ದೇ ಆದ ಗೇರು ಅಭಿವೃದ್ಧಿ ನಿಗಮ. ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳು ಆ ಗುಡ್ಡಗಳ ಬುಡದಲ್ಲೇ ಇವೆ. ಬಾವಿ ಅಲ್ಲೇ, ತೋಡು ಅಲ್ಲೇ, ಮಕ್ಕಳು ಶಾಲೆಗೆ ನಡೆಯುವ ದಾರಿಯೂ ಅಲ್ಲೇ. ಗಡಿಯಾಚೆ ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಇದೇ ಕೆಲಸವನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿತು. ಕನ್ನಡ, ತುಳು ಮಾತಾಡುವ ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಕರುಗಳು ವಿಕಲವಾಗಿ ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀಪಡ್ರೆ ಬರೆದದ್ದು 1979ರಲ್ಲಿ. ಅದೇ ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡಿ ನೋಡಿ ಅನುಮಾನಪಟ್ಟರು, ಕೇಳಬೇಕಾದವರನ್ನೆಲ್ಲ ಕೇಳಿದರು. ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಪರೀಕ್ಷಿಸಿ, ಬೇರೊಂದು ಊರಿನ ಮಕ್ಕಳೊಂದಿಗೆ ಹೋಲಿಸಿ, ಇಲ್ಲಿ ತೊಂದರೆ ಹೆಚ್ಚಿದೆ ಎಂದು ವರದಿ ಕೊಡುವಾಗ 2002 ಆಗಿತ್ತು. ಆಮೇಲೂ ಸಮಿತಿಗಳು ಕುಳಿತವು, ಒಂದು ಹೇಳಿದ್ದನ್ನು ಇನ್ನೊಂದು ಒಪ್ಪಲಿಲ್ಲ.

ಸಚಿವರೇ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತನಿಖೆ ಮುಗಿಯುವವರೆಗೆ ತಡೆ ಇರಲಿ ಎಂಬುದು 27ನೇ ಕಲಮಿನ ಆಶಯ. ಆದರೆ ತನಿಖೆ 90 ದಿನದಲ್ಲಿ ಮುಗಿದೇ ಮುಗಿಯುತ್ತದೆ ಎಂದು ಅದು ನಂಬಿಕೊಂಡಿದೆ. ಸಿಂಪಡಿಸಿದ ಸಂಜೆಯೇ ವಾಂತಿಯಾಗಿ ಬಿದ್ದವನ ಮಟ್ಟಿಗೆ ಅದು ಸರಿಯಿದ್ದೀತು. ಬಸಿರಿನಲ್ಲಿ, ನರದಲ್ಲಿ, ಮುಂದಿನ ತಲೆಮಾರಿನಲ್ಲಿ ಕಾಣಿಸಿಕೊಳ್ಳುವ ಹಾನಿಗೆ ಈ ಕಾಯ್ದೆಯಲ್ಲಿ ರಾಜ್ಯದ ಕೈಗೆ ಒಂದು ಅಸ್ತ್ರವೂ ಇಲ್ಲ. ಮೊದಲ ಕರುವಿನ ಸುದ್ದಿಯಿಂದ ದೇಶವ್ಯಾಪಿ ತಡೆಯವರೆಗೆ 32 ವರ್ಷ ಹಿಡಿಯಿತು.

2011ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನ್ ನಿಷೇಧಿಸಿದಾಗ ಕರಾವಳಿಯ ಜನ ಸಂತೋಷಪಟ್ಟರು. ಆ ಆದೇಶದ ಆಯುಷ್ಯವೂ 60 ದಿನವೇ. ಏಪ್ರಿಲ್ ಕೊನೆಗೆ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅಲ್ಲಿ ಭಾರತ ಮೊದಲಿಗೆ ವಿರೋಧಿಸಿ, ಆಮೇಲೆ ವಿನಾಯಿತಿ ಪಡೆದು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. ಕೋರ್ಟಿನ ಆ ಮಧ್ಯಂತರ ಆದೇಶ ಬಾರದೆ ಹೋಗಿದ್ದರೆ ನಮ್ಮ ಸರ್ಕಾರದ ಆದೇಶ ಅವಧಿ ಮುಗಿದ ಒಂದು ಕಾಗದವಾಗಿ ಕಡತ ಸೇರುತ್ತಿತ್ತು. ನಮ್ಮನ್ನು ಉಳಿಸಿದ್ದು ನ್ಯಾಯಾಲಯ. ರಾಜ್ಯದ ಅಧಿಕಾರ ಅಲ್ಲ.

ತಡೆಯುವ ಅಧಿಕಾರ ಕೊಡದ ವ್ಯವಸ್ಥೆ ದುಡ್ಡು ಕೊಡುವ ಹೊಣೆಯನ್ನು ಮಾತ್ರ ಪೂರ್ತಿಯಾಗಿ ರಾಜ್ಯದ ಹೆಗಲಿಗೇ ಹಾಕಿದೆ. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್, 5 ಸಾವಿರಕ್ಕೂ ಹೆಚ್ಚು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳಲ್ಲಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಗುಣಿಸಿ ನೋಡಿದರೆ 250 ಕೋಟಿ ರೂಪಾಯಿಗೂ ಮೇಲಾಯಿತು. ಕೇರಳ ಅದನ್ನು ಸರಿಯಾಗಿ ಹಂಚಲೂ ಇಲ್ಲ. ಕೋರ್ಟಿನ ಮೆಟ್ಟಿಲೇರಿದ ಕೆಲವರಿಗಷ್ಟೇ ಕೊಟ್ಟು ಉಳಿದವರನ್ನು ಕಾಯಿಸಿದ್ದಕ್ಕೆ 2022ರ ಮೇ ತಿಂಗಳಲ್ಲಿ ಛೀಮಾರಿ ಹಾಕಿಸಿಕೊಂಡಿತು. ನಮ್ಮಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಎಂಡೋ ಸಂತ್ರಸ್ತರಿಗೆ ಮಾಸಾಶನ ಹೋಗುತ್ತಿದೆ. ಕೊಕ್ಕಡ, ಕೊಯಿಲದಲ್ಲಿ ಪಾಲನಾ ಕೇಂದ್ರಗಳು ಬಂದವು. ಅವೂ ಹೋರಾಟ ಮತ್ತು ಹೈಕೋರ್ಟಿನ ಒತ್ತಾಯದಿಂದ ಬಂದವೇ ಹೊರತು ಸರ್ಕಾರ ತಾನಾಗಿ ಕರೆದು ಕೊಟ್ಟದ್ದಲ್ಲ. ಮೂವತ್ತು ದಾಟಿದ ಮಗನನ್ನು ಇಂದಿಗೂ ಎತ್ತಿ ಸ್ನಾನ ಮಾಡಿಸುವ ತಾಯಿಗೆ ಮಾಸಾಶನ ದೊಡ್ಡ ಮೊತ್ತವಲ್ಲ. ಬೊಕ್ಕಸಕ್ಕೆ ಅದು ಆ ಮಗ ಬದುಕಿರುವಷ್ಟು ಕಾಲವೂ ಇರುವ ಖರ್ಚು. ಅವನ ತಾಯಿಯ ನಂತರ ಅವನನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಯಾವ ಬಜೆಟ್ಟಿನಲ್ಲೂ ಇನ್ನೂ ಉತ್ತರ ಸಿಕ್ಕಿಲ್ಲ.

ರಾಜಕೀಯದ ಬೆಲೆಯನ್ನೂ ರಾಜ್ಯವೇ ತೆರುತ್ತದೆ. ಕೀಟನಾಶಕಗಳಿಗೆ ನೋಂದಣಿ ಕೊಡುವ ಕೇಂದ್ರದ ಮಂಡಳಿಯ ಹೆಸರು ಹಳ್ಳಿಯ ಜನಕ್ಕೆ ಗೊತ್ತಿಲ್ಲ. ಅವರು ಕೇಳುವುದು ಶಾಸಕರನ್ನು, ಉಸ್ತುವಾರಿ ಸಚಿವರನ್ನು, ತಮ್ಮನ್ನು.

ಇದು ಎಂಡೋಸಲ್ಫಾನಿನ ಹಳೆಯ ಕತೆ ಮಾತ್ರವಲ್ಲ. 2017ರಲ್ಲಿ ಯವತ್ಮಾಳದಲ್ಲಿ ಹತ್ತಿ ಹೊಲಕ್ಕೆ ಔಷಧಿ ಹೊಡೆದ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತ ಮೇಲೆ ಮಹಾರಾಷ್ಟ್ರ ಸರ್ಕಾರ ಐದು ಬಗೆಯ ಕೀಟನಾಶಕಗಳನ್ನು ವಿದರ್ಭದ ಐದು ಜಿಲ್ಲೆಗಳಲ್ಲಿ 60 ದಿನ ನಿಷೇಧಿಸಿತು. ಆದೇಶ ಬಂದದ್ದು ನವೆಂಬರಿನಲ್ಲಿ, ಸಿಂಪಡಣೆಯ ಭರಾಟೆ ಇಳಿದ ಮೇಲೆ. ಪಂಜಾಬ್ ಸರ್ಕಾರ ಬಾಸ್ಮತಿಯಲ್ಲಿ ವಿಷದ ಉಳಿಕೆಯಿಂದ ರಫ್ತು ಕೆಡುತ್ತದೆಂದು ಸುಮಾರು ಹತ್ತು ಕೀಟನಾಶಕಗಳನ್ನು 60 ದಿನ ನಿಷೇಧಿಸುತ್ತದೆ. 2022ರಲ್ಲಿ ಮಾಡಿತು, 2023ರಲ್ಲಿ ಮಾಡಿತು, 2024ರಲ್ಲಿ ಮತ್ತೆ ಮಾಡಿತು. ಪ್ರತಿ ವರ್ಷ ಹೊಸದಾಗಿ ಹೊರಡಿಸಬೇಕಾದ ಆದೇಶವನ್ನು ಕಾನೂನು ಎನ್ನಲು ನನಗೆ ಮನಸ್ಸು ಬಾರದು.

ಹಾಗಾದರೆ ಪಂಚಾಯತಿಯೋ ಜಿಲ್ಲೆಯೋ ತನ್ನದೇ ಕಾನೂನು ಮಾಡಿಕೊಳ್ಳಲಿ ಎಂದು ಕೆಲವರು ಹೇಳುತ್ತಾರೆ. ಅದರ ಗತಿ ಏನಾಗುತ್ತದೆ ಎಂಬುದನ್ನು ಅಮೆರಿಕದ ಹವಾಯಿ ರಾಜ್ಯದಲ್ಲಿ ನೋಡಬಹುದು. ಅಲ್ಲಿನ ಕವಾಯಿ ದ್ವೀಪದಲ್ಲಿ ಬೀಜ ಕಂಪನಿಗಳ ಪ್ರಯೋಗದ ಹೊಲಗಳಿವೆ. ಯಾವ ವಿಷ, ಯಾವಾಗ, ಎಷ್ಟು ಹೊಡೆಯುತ್ತೀರಿ ಹೇಳಿ, ಶಾಲೆ, ಆಸ್ಪತ್ರೆಗಳಿಂದ ದೂರ ಇರಿ ಎಂದು 2013ರಲ್ಲಿ ಅಲ್ಲಿನ ಕೌಂಟಿ ಸಭೆ, ಅಂದರೆ ಜಿಲ್ಲಾ ಸಭೆ, ಕಾನೂನು ಮಾಡಿತು. ಮೇಯರ್ ಒಪ್ಪದೆ ತಿರಸ್ಕರಿಸಿದರು. ಸಭೆ ಅವರನ್ನೂ ಮೀರಿ ಅದನ್ನು ಅಂಗೀಕರಿಸಿತು. ಸಿಂಜೆಂಟಾ, ಡುಪಾಂಟ್ ಪಯೋನಿಯರ್, ಡೌ, ಬಿಎಎಸ್ಎಫ್ ಕಡೆಯವರು ಕೋರ್ಟಿಗೆ ಹೋದರು. ಕೀಟನಾಶಕದ ವಿಷಯ ರಾಜ್ಯದ್ದು, ಕೌಂಟಿಗೆ ಇದರಲ್ಲಿ ಅಧಿಕಾರವಿಲ್ಲ ಎಂದು 2014ರಲ್ಲಿ ಫೆಡರಲ್ ಕೋರ್ಟು ಅದನ್ನು ರದ್ದು ಮಾಡಿತು. 2016ರ ನವೆಂಬರಿನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಮೂರು ವರ್ಷದ ವ್ಯಾಜ್ಯ, ಎರಡು ಪಾಲಾದ ಊರು, ಕಾನೂನು ಮಾತ್ರ ಒಂದು ದಿನವೂ ನೆಟ್ಟಗೆ ನಡೆಯಲಿಲ್ಲ. ಮಸೂದೆ ತಂದವರಲ್ಲೊಬ್ಬರಾದ ಗ್ಯಾರಿ ಹೂಸರ್ 2016ರ ಚುನಾವಣೆಯಲ್ಲಿ ತಮ್ಮ ಸ್ಥಾನ ಕಳೆದುಕೊಂಡರು. ಸೋತ ಮೇಲೂ ಆ ಜನ ಸುಮ್ಮನಾಗಲಿಲ್ಲ. ಅಧಿಕಾರ ರಾಜ್ಯದ್ದು ಎಂದಮೇಲೆ ರಾಜ್ಯದ ಶಾಸನಸಭೆಯನ್ನೇ ಹಿಡಿದು ಕೇಳಿದರು. 2018ರಲ್ಲಿ ಹವಾಯಿ, ಕ್ಲೋರ್‌ಪೈರಿಫಾಸ್ ನಿಷೇಧಿಸಿದ ಅಮೆರಿಕದ ಮೊದಲ ರಾಜ್ಯವಾಯಿತು. ಶಾಲೆಗಳ ಸುತ್ತ 100 ಅಡಿ ಅಂತರದ ನಿಯಮವೂ ಅದೇ ಕಾಯ್ದೆಯಲ್ಲಿ ಬಂತು. ಆ ಕ್ಲೋರ್‌ಪೈರಿಫಾಸನ್ನೇ ನಮ್ಮಲ್ಲಿ ಬೇರುಹುಳಕ್ಕೆಂದು ಅಡಿಕೆ ಮರದ ಬುಡಕ್ಕೆ ಸುರಿಯುತ್ತಾ ಬಂದಿದ್ದಾರೆ.

ಹವಾಯಿಯ ಶಾಸನಸಭೆಗೆ ಇದ್ದ ಆ ಅಧಿಕಾರ ವಿಧಾನಸೌಧಕ್ಕಿಲ್ಲ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೃಷಿ ರಾಜ್ಯದ ವಿಷಯ, ಪೀಡೆಗಳಿಂದ ಬೆಳೆ ರಕ್ಷಣೆ ರಾಜ್ಯದ ವಿಷಯ, ಸಾರ್ವಜನಿಕ ಆರೋಗ್ಯವೂ ರಾಜ್ಯದ ವಿಷಯ. ಹಾಗಿದ್ದೂ ಒಂದು ವಿಷವನ್ನು 91ನೇ ದಿನ ತಡೆಯಲು ನಾವು ದಿಲ್ಲಿಯತ್ತ ನೋಡಬೇಕು. 1968ರ ಕಾಯ್ದೆಯ ಜಾಗಕ್ಕೆಂದು 2008ರಲ್ಲಿ ಒಂದು ಮಸೂದೆ, 2020ರಲ್ಲಿ ಇನ್ನೊಂದು ರಾಜ್ಯಸಭೆಗೆ ಬಂದವು. ಈ ಚರ್ಚೆಯಲ್ಲಿ ಕರ್ನಾಟಕದ ದನಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳಬೇಕಿತ್ತು, ಯಾಕೆಂದರೆ ಇದರ ಬೆಲೆ ಕೊಟ್ಟವರು ನಾವು.

ತಾವು ಮಾಡಬಹುದಾದದ್ದು ಇದೆ. 27ನೇ ಕಲಮಿನ ದಿನಗಳ ಮಿತಿ ತೆಗೆಯಬೇಕು, ತನ್ನ ಮಣ್ಣಿಗೆ, ತನ್ನ ಜನಕ್ಕೆ ಹೊಂದದ ಕೀಟನಾಶಕವನ್ನು ಕಾಯಂ ಆಗಿ ಬೇಡ ಎನ್ನುವ ಹಕ್ಕು ರಾಜ್ಯಕ್ಕೆ ಬೇಕು, ಪರಿಹಾರದ ಹಣದಲ್ಲಿ ತಯಾರಿಸಿದ ಕಂಪನಿಯ ಪಾಲಿರಬೇಕು ಎಂದು ವಿಧಾನಮಂಡಲದಲ್ಲಿ ನಿರ್ಣಯ ತನ್ನಿ. ಕೇರಳ, ಪಂಜಾಬ್, ಮಹಾರಾಷ್ಟ್ರದ ಕೃಷಿ ಸಚಿವರನ್ನು ಜೊತೆಗೆ ಕರೆದುಕೊಂಡು ದಿಲ್ಲಿಗೆ ಹೋಗಿ. ಪಕ್ಷ ಬೇರೆಯಾದರೂ ಈ ಕಲಮಿನ ಕಷ್ಟ ಎಲ್ಲರಿಗೂ ಒಂದೇ. ಸರ್ಕಾರದ ನಿಗಮಗಳು ತಮ್ಮ ತೋಟಗಳಲ್ಲಿ ಏನು ಹೊಡೆಯುತ್ತವೆ ಎಂಬ ಪಟ್ಟಿ ಆಯಾ ಗ್ರಾಮ ಪಂಚಾಯತಿಯ ಗೋಡೆಯ ಮೇಲಿರಲಿ. ಅದಕ್ಕೆ ಯಾರ ಅನುಮತಿಯೂ ಬೇಡ.

ಇನ್ನೊಂದು ಕೆಲಸವನ್ನು ನಾಳೆಯೇ ಮಾಡಬಹುದು. ಅದೇ ಕಾಯ್ದೆಯ 26ನೇ ಕಲಮು, ಕೀಟನಾಶಕದಿಂದಾದ ಪ್ರತಿ ವಿಷಬಾಧೆಯನ್ನೂ ವರದಿ ಮಾಡಬೇಕೆಂದು ಕಡ್ಡಾಯಗೊಳಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಅದಕ್ಕೆ ದಿನದ ಮಿತಿಯಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಿಡಿದು ಖಾಸಗಿ ಆಸ್ಪತ್ರೆಯವರೆಗೆ, ಪಶುವೈದ್ಯರನ್ನೂ ಸೇರಿಸಿ, ಯಾವ ಊರು, ಯಾವ ಔಷಧಿ, ಯಾವ ಬೆಳೆ ಎಂದು ದಾಖಲಾಗುವಂತೆ ಅಧಿಸೂಚನೆ ಬಿಗಿ ಮಾಡಿ, ಪ್ರತಿ ತಿಂಗಳು ಜಿಲ್ಲಾವಾರು ಲೆಕ್ಕವನ್ನು ಜನರ ಮುಂದಿಡಿ. ದಿಲ್ಲಿಯವರು ಸಾಕ್ಷಿ ಎಲ್ಲಿ ಎಂದು ಕೇಳಿದ ದಿನ ತಮ್ಮ ಕೈಯಲ್ಲಿ ಆ ಲೆಕ್ಕ ಇರಬೇಕು.

ಇತಿ,
ದಕ್ಷಿಣ ಕನ್ನಡದ ಒಬ್ಬ ಕೃಷಿಕ